ಅಣ್ಣನ ಕೈ ಮತ್ತು ಕಡಲಿನ ಬಸವನಹುಳು

ಫೋನ್ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೂರನೇ ಪೀರಿಯಡ್ಡಿನ ಬೆಲ್ಲು ಆಗಷ್ಟೇ ಹೊಡೆದಿತ್ತು. ನಾನು ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಕರೆ ಮಾಡಿದ್ದು ಅಣ್ಣನ ಗೆಳೆಯ. ಮೊಳಕಾಲ್ಮುರಿನ ನಮ್ಮ ಬೀದಿಯ ಹಿಂದಿನ ಬೀದಿಯವನು, ಲಾರಿ ಓಡಿಸುತ್ತಾನೆ. ಅಣ್ಣನೂ ಅವನೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು. ಚಿಕ್ಕಂದಿನಿಂದ ನಾನು ಅವನನ್ನು ಭಾಯ್ ಎಂದೇ ಕರೆಯುವುದು.

"ತಂಗೀ, ನಿನ್ನ ಶಂಖದ ಹುಳ ಮುಟ್ಟಿಸಿದೀನಿ ನೋಡು," ಎಂದ. "ಬೆಳಿಗ್ಗೆ ನಿಮ್ಮಣ್ಣನ ಹತ್ರ ಕೊಟ್ಟು, ಉಪ್ಪು ಇಳಿಸಾಕೆ ರಾಂಪುರಕ್ಕೆ ಬಂದೀನಿ. ಸ್ಕೂಲಿಗೆ ಯಾವಾಗ ತಗಂಡು ಹೋಗ್ತೀಯಾ?"

"ಯಾವ ಹುಳ ಭಾಯ್?"

"ಅದೇ, ಲ್ಯಾಬಿಗೆ ಬೇಕು ಅಂದಿದ್ಯಂತಲ್ಲ. ನಿಮ್ಮಣ್ಣ ಫೋಟೋ ಕಳಿಸಿದ್ದ. ತೂತುಕುಡಿ ಕಡೆ ಬಲೆ ಹಾಕೋರಿಗೆ ತೋರಿಸ್ದೆ, ಮೂರನೇ ಟ್ರಿಪ್ಪಿಗೆ ಸಿಕ್ತು. ಜೀವ ಐತೆ ಇನ್ನೂ. ಸಮುದ್ರದ ನೀರಾಗೇ ಇಟ್ಕಂಡು ತಂದೀನಿ. ಆದ್ರೆ ಆ ಜನ ಒಂದೇ ಸಮ ಹೇಳ್ತಿದ್ರು ತಂಗೀ, ಕೈಯಾಗೆ ಹಿಡೀಬ್ಯಾಡ, ಹಿಡೀಬ್ಯಾಡ ಅಂತ. ನಿಮ್ಮಣ್ಣಂಗೆ ಹೇಳ್ದೆ, ತಲಿ ಆಡಿಸ್ದ. ನಿಂಗೂ ಒಂದು ಮಾತು ಹೇಳೋಣ ಅಂತ ಮಾಡ್ದೆ."

ನಾನು ಯಾವ ಹುಳವನ್ನೂ ಕೇಳಿರಲಿಲ್ಲ. ಆದರೆ ಯಾವ ಫೋಟೋ ಎಂದು ನನಗೆ ತಕ್ಷಣ ಗೊತ್ತಾಯಿತು. ಅದನ್ನು ಅಣ್ಣನ ಫೋನಿಗೆ ಕಳಿಸಿದ್ದವಳು ನಾನೇ.

ನನ್ನ ಅಣ್ಣ ರೇಷ್ಮೆ ಸೀರೆ ನೇಯುತ್ತಿದ್ದವನು. ಆ ಫೋನಿಗೆ ಎರಡು ವರ್ಷ ಮುಂಚೆ ಹತ್ತಿರದ ಹಾನಗಲ್ಲಿನಿಂದ ಬೈಕಿನಲ್ಲಿ ಮನೆಗೆ ಬರುವಾಗ ಕಾಡುಹಂದಿ ಅಡ್ಡ ಬಂತು. ಬಿದ್ದ ರಭಸಕ್ಕೆ ತಲೆ ಒಂದು ಕಡೆ ವಾಲಿತು, ಬಲಭುಜ ಇನ್ನೊಂದು ಕಡೆ ಜಗ್ಗಿತು. ಮೂಳೆ ಮುರಿದಿರಲಿಲ್ಲ, ರಕ್ತ ಕೂಡ ಹೆಚ್ಚು ಬಂದಿರಲಿಲ್ಲ. ಸದ್ಯ ಬಚಾವಾದ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ವಾರ ಕಳೆದರೂ ಬಲಗೈ ಮೇಲೇಳಲಿಲ್ಲ. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಬೆನ್ನುಹುರಿಯಿಂದಲೇ ಕಿತ್ತು ಬಂದಿವೆ, ಅವನ್ನು ಮತ್ತೆ ಕೂಡಿಸಲು ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಅಂದಿನಿಂದ ಆ ಕೈ ಹೆಗಲಿಗೆ ಜೋತುಬಿದ್ದ ಒಂದು ವಸ್ತು. ಚಿವುಟಿದರೆ ಗೊತ್ತಾಗುವುದಿಲ್ಲ, ಸೂಜಿ ಚುಚ್ಚಿದರೆ ಗೊತ್ತಾಗುವುದಿಲ್ಲ. ಒಮ್ಮೆ ಒಲೆಯ ಮೇಲಿನ ಟೀ ಪಾತ್ರೆಗೆ ತಗುಲಿಕೊಂಡೇ ಇದ್ದ ಆ ಕೈ ಸುಟ್ಟದ್ದು ಅವನಿಗೆ ತಿಳಿದದ್ದು ವಾಸನೆಯಿಂದ. ಆದರೆ ಹೊರಗಿನದೇನೂ ತಿಳಿಯದ ಅದೇ ಕೈಯೊಳಗೆ ಬೆಂಕಿ ಇತ್ತು. ದಿನವಿಡೀ ಉರಿ. ಅದರ ಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕರೆಂಟು ಹೊಡೆದ ಹಾಗೆ ಭುಜದಿಂದ ಬೆರಳ ತುದಿಗೆ ಒಂದು ಜಗ್ಗು. ಮಾತಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎಡಗೈಯಿಂದ ಬಲಗೈಯನ್ನು ಎದೆಗೆ ಒತ್ತಿಕೊಂಡು ಬಾಗುತ್ತಿದ್ದ. ಅದು ಹೋದ ಮೇಲೆ ಬಿಟ್ಟ ಜಾಗದಿಂದ ಮಾತು ಮುಂದುವರಿಸಲು ನೋಡುತ್ತಿದ್ದ. ಏನು ಹೇಳುತ್ತಿದ್ದೆ ಎಂಬುದು ಅವನಿಗೇ ಮರೆತಿರುತ್ತಿತ್ತು.

"ಸತ್ತಿರೋ ಕೈ ಹಿಂಗ್ಯಾಕೆ ಉರೀತೈತೆ ಕಣಮ್ಮಾ? ನಿನ್ನ ಪುಸ್ತಕದಾಗೆ ಬರದೈತಾ?" ಎಂದು ಒಮ್ಮೆ ಕೇಳಿದ್ದ. ಮಕ್ಕಳಿಗೆ ನರಮಂಡಲದ ಚಿತ್ರ ಬರೆಸಿ ಅಂಕ ಕೊಡುವ ನನ್ನಲ್ಲಿ ಉತ್ತರ ಇರಲಿಲ್ಲ.

ಅದಕ್ಕೇ ಇರಬೇಕು, ಹೇಳಲು ಏನಾದರೊಂದು ಸಿಕ್ಕಾಗ ನಾನು ಓಡಿದ್ದು. ಪತ್ರಿಕೆಯ ವಿಜ್ಞಾನದ ಪುಟದಲ್ಲಿ ಓದಿದ್ದೆ: ಬೆಚ್ಚಗಿನ ಕಡಲುಗಳಲ್ಲಿ ಒಂದು ಬಗೆಯ ಬಸವನಹುಳು ಇದೆ, ಚಿಪ್ಪು ಶಂಕುವಿನಾಕಾರ, ಬಹಳ ಚೆಂದ. ಈಜುವ ಮೀನಿನ ಬೆನ್ನಟ್ಟಲು ಅದಕ್ಕೆ ಆಗದು. ಹಾಗಾಗಿ ಬಾಣದಂಥ ಒಂದು ಹಲ್ಲನ್ನು ಮೀನಿಗೆ ಚುಚ್ಚಿ ವಿಷ ಬಿಡುತ್ತದೆ. ಮೀನು ಇದ್ದಲ್ಲೇ ಮರಗಟ್ಟುತ್ತದೆ. ಆ ವಿಷದೊಳಗಿನ ಒಂದು ಅಂಶವನ್ನು ಹಿಡಿದು ವಿಜ್ಞಾನಿಗಳು ನೋವಿನ ಔಷಧಿ ಮಾಡಿದ್ದಾರೆ. ಮಾರ್ಫಿನ್ನಿಗೂ ಬಗ್ಗದ ನೋವಿಗೆ ಅದನ್ನು ಕೊಡುತ್ತಾರೆ.

ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಕ್ಲಾಸಿನಲ್ಲಿ ಹೇಳುವಂತೆಯೇ, ಕೈ ಆಡಿಸಿ, ಬಾಣ ಹೊಡೆಯುವುದನ್ನು ಮಾಡಿ ತೋರಿಸಿ ಹೇಳಿದೆ. ಆ ಹುಳು ಚುಚ್ಚಿ ಮನುಷ್ಯರೂ ಸತ್ತಿದ್ದಾರೆ, ಅದಕ್ಕೆ ಮದ್ದಿಲ್ಲ ಎಂದೂ ಅದೇ ಪುಟದಲ್ಲಿತ್ತು. ಅದನ್ನು ಹೇಳಲಿಲ್ಲ. ಗೋಡೆಗೆ ಒರಗಿಯೇ ಇರುತ್ತಿದ್ದ ಅವನು ಎಷ್ಟೋ ತಿಂಗಳ ಮೇಲೆ ನೆಟ್ಟಗೆ ಕುಳಿತು ಕೇಳುತ್ತಿದ್ದ. ಆ ಕೂತ ಭಂಗಿಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಆವತ್ತು ಅವನು ಮೂರು ಪ್ರಶ್ನೆ ಕೇಳಿದ್ದ. ಯಾವ ಸಮುದ್ರದಾಗೆ ಸಿಗ್ತೈತೆ? ಎಷ್ಟು ದೊಡ್ಡದಿರ್ತೈತೆ? ತಾನಾಗೇ ಚುಚ್ತೈತೋ, ಕೆಣಕಬೇಕೋ? ನಾನು ಮೂರಕ್ಕೂ ಗೊತ್ತಿದ್ದಷ್ಟು ಉತ್ತರ ಕೊಟ್ಟೆ. ಯಾಕೆ ಕೇಳ್ತೀಯಾ ಎಂದು ಮಾತ್ರ ಕೇಳಲಿಲ್ಲ.

ಈಗ ಭಾಯ್ ಫೋನಿನಲ್ಲಿ "ಹಲೋ, ತಂಗೀ, ಲೈನಾಗೆ ಇದೀಯಾ?" ಎನ್ನುತ್ತಿದ್ದ.

"ಭಾಯ್, ನಾನು ಏನೂ ಕೇಳಿಲ್ಲ. ಅವನು ಸುಳ್ಳು ಹೇಳಿ ತರಿಸ್ಕಂಡಾನೆ. ತನ್ನ ಕೈಗೆ ಚುಚ್ಚಿಸ್ಕಳಕೆ. ಈಗಿಂದೀಗ್ಲೇ ಮನೆಗೆ ಹೋಗು."

 ಆ ಕಡೆಯಿಂದ "ಯಾ ಅಲ್ಲಾ" ಎಂದದ್ದು, ಯಾರನ್ನೋ ಕೂಗಿ ಬೈಕಿನ ಕೀಲಿ ಕೇಳಿದ್ದು ಕೇಳಿಸಿತು.

ಅಣ್ಣನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅತ್ತಿಗೆಗೆ ಮಾಡಿದೆ. ಅವರು ಸಿದ್ದಾಪುರದ ತವರಿನಲ್ಲಿದ್ದರು. ತಮ್ಮನ ಮಗುವಿಗೆ ಅಂದು ಹೆಸರಿಡುತ್ತಿದ್ದರು. ಹಿಂದೆ ಹೆಂಗಸರ ಮಾತು, ನಗು.

"ಅವರೇ ಕಳಿಸಿದ್ರು ಕಣೇ," ಎಂದರು ಅತ್ತಿಗೆ. "ನಾನು ಬರಲ್ಲ ಅಂದ್ರೆ ಒತ್ತಾಯ ಮಾಡಿ, ಸಂಜೀತನ ಇದ್ದು ಬಾ, ನನ್ನ ಊಟದ ಚಿಂತಿ ಮಾಡಬ್ಯಾಡ ಅಂದ್ರು. ಎರಡು ವರ್ಷಕ್ಕೆ ಮೊದಲ್ನೇ ಸಲ ಕಣೇ, ನಗ್ತಾ ಕಳಿಸಿದ್ದು. ಯಾಕೆ, ಏನಾಯ್ತು?"

ನನಗೆ ಹೇಳಬೇಕಾಗಿ ಬಂತು. ಹಿಂದಿನ ನಗು ಹಾಗೇ ಕೇಳಿಸುತ್ತಿತ್ತು, ಅತ್ತಿಗೆಯ ಉಸಿರಷ್ಟೇ ಬದಲಾಯಿತು.

ಹೆಡ್ ಮಿಸ್ಟ್ರೆಸ್ಸಿಗೆ ಅಣ್ಣನಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ, ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು, ಹೊರಡುತ್ತಿದ್ದ ಬಳ್ಳಾರಿ ಬಸ್ಸಿನ ಬಾಗಿಲು ಹಿಡಿದು ಹತ್ತಿದೆ. ಊರು ದಾಟುವವರೆಗೆ ಅದು ನಾಲ್ಕು ಕಡೆ ನಿಂತಿತು. ಶೇಂಗಾ ಚೀಲವೊಂದನ್ನು ಟಾಪಿಗೆ ಏರಿಸಲು ಐದನೇ ಸಲ ನಿಂತಾಗ ನಾನು ಸೀಟಿನಿಂದ ಎದ್ದು ನಿಂತಿದ್ದೆ, ಎದ್ದು ನಿಂತರೆ ಬಸ್ಸು ಬೇಗ ಹೋಗುತ್ತದೆ ಎನ್ನುವಂತೆ.

ತಳಕು ದಾಟುವಾಗ ಭಾಯ್ ಫೋನ್ ಮಾಡಿದ. ಏದುಸಿರು ಬಿಡುತ್ತಿದ್ದ.

"ಒಳಗದಾನೆ ತಂಗೀ. ಚಿಲಕ ಹಾಕ್ಕಂಡಾನೆ. ಮಾತಾಡ್ತಾನೆ, ಆದ್ರೆ ಬಾಗ್ಲು ತೆಗಿಯಲ್ಲ ಅಂತಾನೆ. ಮಗ್ಗದ ಮನೆ ಕಿಟಕಿ ಹತ್ರ ನಿಂತೀನಿ. ಸ್ಪೀಕರ್ ಹಾಕ್ತೀನಿ, ನೀನೇ ಮಾತಾಡು."

ಪಕ್ಕದ ಮನೆಯ ಅಜ್ಜಿ ತೆಲುಗಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದುದು ಕೇಳಿಸಿತು.

"ಅಣ್ಣಾ," ಎಂದೆ. "ಅದನ್ನ ಮುಟ್ಟಿದ್ಯಾ?"

ಅವನ ದನಿ ಬಂತು, ದೂರದಿಂದ, ಬಹಳ ಸಮಾಧಾನವಾಗಿ.

"ಮುಟ್ಟಿದೆನೋ ಇಲ್ವೋ ನಂಗೆ ಹೆಂಗೆ ತಿಳೀತೈತೆ ಕಣಮ್ಮಾ. ಕೈ ಬಕೀಟಿನಾಗೆ ಐತೆ."

"ಎಷ್ಟೊತ್ತಾಯ್ತು?"

"ಆಯ್ತು, ಇಪ್ಪತ್ತು ನಿಮಿಷ. ಹುಳ ಬೆರಳ ಹತ್ರಾನೇ ಕುಂತೈತೆ. ಮೊದ್ಲು ಒಂದೀಟು ಸೊಂಡಿಲಿನಂಗೆ ಹೊರಗೆ ಹಾಕ್ತು, ಆಮ್ಯಾಲೆ ಕೈ ಅಡ್ಡ ಬಂದು ಕಾಣ್ಲಿಲ್ಲ. ಚುಚ್ತೋ ಇಲ್ವೋ ಗೊತ್ತಾಗ್ತಿಲ್ಲ. ಉರಿ ಅಂತೂ ಹಂಗೇ ಐತೆ."

 ನಾನು ಇಡೀ ದಾರಿ ಯೋಚಿಸಿದ್ದು, ಅವನು ಚುಚ್ಚಿಸಿಕೊಳ್ಳುವ ಮೊದಲು ತಲುಪಬೇಕು ಎಂದು. ಚುಚ್ಚಿಸಿಕೊಂಡರೂ ಅವನಿಗೆ ಗೊತ್ತಾಗುವುದಿಲ್ಲ, ನಮಗೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ.

"ಕೈ ತೆಗಿ ಅಣ್ಣಾ! ಆಚೆ ತೆಗಿ!" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ಅದರ ವಿಷದಾಗೆ ಉಸಿರು ನಿಲ್ಲಿಸೋದೂ ಐತೆ. ಜನ ಸತ್ತಾರೆ. ನಾನು ನಿಂಗೆ ಅರ್ಧಾನೇ ಹೇಳಿದ್ದು."

 ಅವನು ಕೇಳಿದ: "ಅರ್ಧ ಯಾಕೆ ಹೇಳ್ದೆ?"

"ನೀನು ಎದ್ದು ಕುಂತಿದ್ದೆ. ಅದಕ್ಕೆ."

 ಅಷ್ಟರಲ್ಲಿ ಭಾಯ್ ಕಿಟಕಿಯ ಸರಳು ಬಡಿಯುತ್ತಾ ಅಳತೊಡಗಿದ. ನಲವತ್ತೈದು ದಾಟಿದ ಗಂಡಸು, ಬೀದಿಯಲ್ಲಿ ನಿಂತು, ಗಟ್ಟಿಯಾಗಿ.

"ಲೇ, ನನ್ನ ಕೈಲೇ ತರಿಸ್ಕಂಡೆಯಲ್ಲಲೇ! ಏಳ್ನೂರು ಕಿಲೋಮೀಟ್ರು ಆ ಡಬ್ಬಿ ತೊಡಿ ಮ್ಯಾಲೆ ಇಟ್ಕಂಡಂಗೆ ತಂದೀನಿ. ನಿನಗೇನಾರ ಆದ್ರೆ ಕೊಂದೋನು ಯಾರು ಹೇಳು? ನಾನು ತಾನೆ? ತೆಗಿಯಲೇ ಬಾಗ್ಲು!"

ಏನೋ ಉರುಳಿದ ಸದ್ದು. ನೀರು ಚೆಲ್ಲಿದ ಸದ್ದು. ಚಿಲಕ ಸರಿದ ಸದ್ದೋ ಅಲ್ಲವೋ ತಿಳಿಯುವ ಮೊದಲೇ ನನ್ನ ಫೋನಿನಲ್ಲಿ ಸಿಗ್ನಲ್ ಹೋಯಿತು.

ಬಿ.ಜಿ.ಕೆರೆ ಬರುವವರೆಗೆ ಬರಲಿಲ್ಲ. ಆ ಹತ್ತು ನಿಮಿಷ ನಾನು ಫೋನಿನ ಗಾಜನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹೆಂಗಸು ಏನೂ ಕೇಳದೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಸಿಗ್ನಲ್ ಬಂದಾಗ ಭಾಯ್ ಆಟೋ ತರಿಸಿ ಬಾಗಿಲಲ್ಲಿ ನಿಲ್ಲಿಸಿದ್ದ. ಅಣ್ಣ ಬಾಗಿಲು ತೆರೆದಿದ್ದ. ಅವನನ್ನು ನಡೆಸಬೇಡ, ಕೈ ಅಲ್ಲಾಡಿಸಬೇಡ, ಬೆರಳಿನಿಂದ ಭುಜದವರೆಗೆ ಅಗಲವಾದ ಬಟ್ಟೆ ಬಿಗಿಯಾಗಿ ಸುತ್ತು, ಹಗ್ಗ ಗಿಗ್ಗ ಕಟ್ಟಬೇಡ ಎಂದೆ. ಪತ್ರಿಕೆಯಲ್ಲಿ ಓದಿದ್ದಷ್ಟೇ ನನಗೆ ಗೊತ್ತಿದ್ದದ್ದು. ಭಾಯ್ ತನ್ನ ಹೆಗಲ ಮೇಲಿನ ಟವೆಲನ್ನೂ ಅತ್ತಿಗೆಯ ಒಂದು ಸೀರೆಯನ್ನೂ ಸುತ್ತಿದ.

ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಅವರನ್ನು ಸೇರಿಕೊಂಡಾಗ ಅಣ್ಣ ಮಂಚದ ಮೇಲೆ ಮಲಗಿದ್ದ. ನನ್ನನ್ನು ನೋಡಿ ನಗಲು ಪ್ರಯತ್ನಿಸಿದ. ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಭಾಯ್ ಬಕೆಟ್ಟಿಗೆ ಮುಚ್ಚಳ ಹಾಕಿ ತಂದಿದ್ದ. ಉಳಿದಿದ್ದ ಅಂಗೈ ಆಳದ ನೀರಿನಲ್ಲಿ ಅದು ಬಿದ್ದಿತ್ತು. ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ. ಬಿಳಿಯ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ತ್ರಿಕೋನಗಳು ಒಂದರ ಮೇಲೊಂದು. ಯಾರಾದರೂ ಎತ್ತಿ ಕೈಯಲ್ಲಿ ಹಿಡಿಯಬೇಕು ಎನ್ನಿಸುವಷ್ಟು ಚೆಂದ. ಸಪೂರ ತುದಿಯಿಂದ ಒಂದು ಚಿಕ್ಕ ಕೊಳವೆ ಹೊರಬಂದು, ನಾವು ನೋಡುತ್ತಿದ್ದಂತೆ ಒಳಗೆ ಹೋಯಿತು.

"ಹಾವಾಗಿದ್ದರೆ, ಚೇಳಾಗಿದ್ದರೆ ನಂಗೆ ಗೊತ್ತು ಮೇಡಂ," ಎಂದರು ಡಾಕ್ಟರಮ್ಮ. "ಇದನ್ನ ನಾನು ನೋಡಿಲ್ಲ. ಚುಚ್ಚಿದ್ದು ಖಂಡಿತಾನಾ?"

ಅದೇ ಯಾರಿಗೂ ಗೊತ್ತಿರಲಿಲ್ಲ. ಬಟ್ಟೆಯನ್ನು ಬೆರಳುಗಳವರೆಗೆ ಮಾತ್ರ ಸಡಿಲಿಸಿ, ಟಾರ್ಚು ಹಾಕಿ ಒಂದೊಂದೇ ಬೆರಳನ್ನು ನೋಡಿದರು. ಆ ಕೈಯಲ್ಲಿ ಎಷ್ಟು ಗುರುತುಗಳು! ಸುಟ್ಟ ಕಲೆ, ಬಾಗಿಲಿಗೆ ಸಿಕ್ಕ ಉಗುರು, ಎಲ್ಲೆಲ್ಲೋ ತರಚಿದ್ದು. ನೋವು ಎಚ್ಚರಿಸದ ಕೈ ಹೇಗಾಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲ. ತೋರುಬೆರಳಿನ ಬುಡದಲ್ಲಿ ಒಂದು ಕೆಂಪು ಚುಕ್ಕೆ ಇತ್ತು. ಮುಳ್ಳು ತಾಗಿದ್ದಿರಬಹುದು, ಬೇರೆಯೂ ಇರಬಹುದು.

ಡಾಕ್ಟರಮ್ಮ ಯಾರಿಗೋ ಫೋನ್ ಮಾಡಿ, ಹೊರಗೆ ಹೋಗಿ ಮಾತಾಡಿ ಬಂದರು. "ಇದಕ್ಕೆ ಇಂಜೆಕ್ಷನ್ ಇಲ್ಲ. ವಿಷ ಒಳಗೆ ಹೋಗಿದ್ರೆ ಮೊದಲು ತುಟಿ ಜುಮ್ಮೆನ್ನಬಹುದು, ಕಣ್ಣು ಎರಡೆರಡು ಕಾಣಬಹುದು, ಮಾತು ತೊದಲಬಹುದು. ಆಮೇಲೆ ಉಸಿರು. ಉಸಿರಿಗೆ ಮಿಷಿನ್ ಹಾಕಿ ಕಾಯೋದೊಂದೇ ದಾರಿ. ಇಲ್ಲಿ ಆಗಲ್ಲ. ಬಳ್ಳಾರಿಗೆ ಹೊರಡಿ. ಈಗಲೇ."

ಆಂಬುಲೆನ್ಸಿನಲ್ಲಿ ಅಣ್ಣನ ತಲೆಯ ಹತ್ತಿರ ನಾನು, ಕಾಲ ಹತ್ತಿರ ಭಾಯ್. ಅಣ್ಣನ ಎಡಗೈ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಒಂದು ಕ್ಲಿಪ್ ಸಿಕ್ಕಿಸಿದ್ದರು. ಅದರ ನಂಬರು ತೊಂಬತ್ತೆಂಟು ತೋರಿಸುತ್ತಿತ್ತು. ಕಡಿಮೆಯಾದರೆ ಕೂಗಿ ಎಂದು ಜೊತೆಗೆ ಬಂದಿದ್ದ ನರ್ಸು ಹೇಳಿದ್ದರು. ನಾನು ಅವನನ್ನು ಮಾತಾಡಿಸುತ್ತಲೇ ಇರಬೇಕಿತ್ತು.

"ತುಟಿ ಜುಮ್ ಅಂತೈತಾ?"

"ಇಲ್ಲ."

"ನನ್ನ ಎಷ್ಟು ಮೂಗು ಕಾಣ್ತಾವೆ?"

"ಒಂದೇ. ಮೊದ್ಲಿಂದ್ಲೂ ದಪ್ಪ."

ಭಾಯ್ ನಗಲಿಲ್ಲ. ಅವನು ಕಿಟಕಿಯ ಕಡೆಗೆ ಮುಖ ಮಾಡಿದ್ದ. ಅಣ್ಣ ಅವನನ್ನು ಎರಡು ಸಲ ಹೆಸರು ಹಿಡಿದು ಕರೆದ, ಅವನು ತಿರುಗಲಿಲ್ಲ.

ಮಾತು ತೊದಲುತ್ತದೋ ನೋಡಲು, ಮಗ್ಗದ ಕೆಲಸವನ್ನು ಮೊದಲಿನಿಂದ ಹೇಳು ಎಂದೆ. ಅವನು ಹೇಳತೊಡಗಿದ. ಹಾಸು ಎಳೆಯುವುದು, ಎಳೆ ಎಳೆ ಗಂಟು ಹಾಕುವುದು, ಲಾಳಿಗೆ ಹೊಕ್ಕಿನ ನೂಲು ತುಂಬುವುದು, ಅಂಚು ಬೇರೆ ಒಡಲು ಬೇರೆ ಬಣ್ಣವಾದರೆ ಮೂರು ಲಾಳಿ ಹಿಡಿಯುವುದು. ಅವನ ದನಿ ಒಂದಿಷ್ಟು ಗಟ್ಟಿಯಾಯಿತು. ರಾಂಪುರ ದಾಟಿದ್ದೆವು. ಸೆರಗು ನೇಯುವ ಮಾತಿಗೆ ಬಂದವನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಬೆನ್ನು ಸೆಟೆಯಿತು, ಕಣ್ಣು ಮುಚ್ಚಿದವು, ಹಲ್ಲು ಕಚ್ಚಿದ. ನಂಬರು ತೊಂಬತ್ತೈದು, ತೊಂಬತ್ತೆರಡು, ಆಮೇಲೆ ಏನೂ ಇಲ್ಲ, ಬರೀ ಗೆರೆ. ನಾನು ಕಿರುಚಿದೆ. ಭಾಯ್ ಎದ್ದು ಡ್ರೈವರಿನ ಹಿಂದಿನ ಗಾಜು ಬಡಿದ.

ನರ್ಸು ಬಗ್ಗಿ ನೋಡಿ, ಜಾರಿದ್ದ ಕ್ಲಿಪ್ಪನ್ನು ಮತ್ತೆ ಬೆರಳಿಗೆ ಹಾಕಿದರು. ತೊಂಬತ್ತೆಂಟು. ಅಣ್ಣ ಕಣ್ಣು ತೆರೆದ. ವಿಷವಲ್ಲ. ಎರಡು ವರ್ಷದಿಂದ ದಿನಕ್ಕೆ ಎಷ್ಟೋ ಸಲ ಬರುತ್ತಿದ್ದ ಅದೇ ಜಗ್ಗು. ನಾನು ಅದನ್ನು ನೂರು ಸಲ ನೋಡಿದ್ದೆ. ಸಾಯುತ್ತಿದ್ದಾನೆ ಎಂದು ಹೆದರಿ ನೋಡಿದ್ದು ಅದೇ ಮೊದಲು. ಅದು ಎಂಥದ್ದು ಎಂದು ಸ್ವಲ್ಪವಾದರೂ ತಿಳಿದದ್ದೂ ಆಗಲೇ.

"ತುಟಿ ಜುಮ್ ಅಂತೈತೆ," ಎಂದ ಅಣ್ಣ, ಬಳ್ಳಾರಿಯ ಹೊರಗಿನ ಗುಡ್ಡಗಳು ಕಾಣುವಾಗ.

 ನಾನು ಅವನ ಎದೆ ಏರಿ ಇಳಿಯುವುದನ್ನು ಎಣಿಸುತ್ತಾ ಕುಳಿತೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದುಕೊಂಡು ಹೋದರು. ಉಸಿರಿನ ಮಿಷಿನ್ನನ್ನು ಮಂಚದ ಪಕ್ಕಕ್ಕೆ ತಂದು ಇಟ್ಟರು, ಹಾಕಲಿಲ್ಲ. ಅರಿವಳಿಕೆ ಕೊಡುವ ಹಿರಿಯ ಡಾಕ್ಟರೊಬ್ಬರು ಬಂದು, ಅರ್ಧ ಗಂಟೆಗೊಮ್ಮೆ ಅವನಿಗೆ ಜೋರಾಗಿ ಊದಲು ಹೇಳಿ, ರೆಪ್ಪೆ ಎತ್ತಿಸಿ, ತಲೆ ಎತ್ತಿಸಿ ನೋಡುತ್ತಿದ್ದರು. ನಾನೂ ಭಾಯೂ ಹೊರಗಿನ ಬೆಂಚಿನಲ್ಲಿ. ಮೂರು ಗಂಟೆಯಾಯಿತು, ನಾಲ್ಕಾಯಿತು. ತುಟಿಯ ಜುಮ್ಮು ಹೋಯಿತಂತೆ ಎಂದು ನರ್ಸು ಬಂದು ಹೇಳಿದರು. ನಾನು ಅಷ್ಟು ಸಲ ಕೇಳಿದ್ದಕ್ಕೇ ಅದು ಬಂದಿತ್ತೋ ಏನೋ.

ಐದರ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. "ಚುಚ್ಚಿಲ್ಲ ಅನ್ಸುತ್ತೆ. ಚುಚ್ಚಿದ್ದರೂ ವಿಷ ಬಿಟ್ಟಿಲ್ಲ. ನಾಳೆ ಬೆಳಿಗ್ಗೆವರೆಗೂ ಇಲ್ಲೇ ಇರಲಿ. ಬನ್ನಿ, ಒಳಗೆ ಮಾತಾಡೋಣ."

ಭಾಯ್ ಬೆಂಚಿನಿಂದ ಎದ್ದು, ಗೋಡೆಯ ಕಡೆ ತಿರುಗಿ ನಿಂತ. ಒಳಗೆ ಬರಲಿಲ್ಲ.

ಡಾಕ್ಟರು ಒಂದು ಸ್ಟೂಲು ಎಳೆದುಕೊಂಡು ಅಣ್ಣನ ಮಂಚದ ಪಕ್ಕ ಕುಳಿತರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, "ನೋವು ಹೇಗಿರುತ್ತೆ, ನೀವೇ ಹೇಳಿ. ನಂಗೆ ಪುರುಸೊತ್ತಿದೆ."

ಅಣ್ಣ ಹೇಳಿದ. ಅಂಗೈಯನ್ನು ಯಾರೋ ತಿರುವುತ್ತಿರುವ ಹಾಗೆ, ಉಗುರಿನ ಸಂದಿಗೆ ಕೆಂಡ ಇಟ್ಟ ಹಾಗೆ, ಬೆರಳುಗಳೆಲ್ಲ ಮುಷ್ಟಿಯಾಗಿ ಬಿಗಿದು ಬಿಚ್ಚಲು ಬಾರದ ಹಾಗೆ, ಕಣ್ಣಿಂದ ನೋಡಿದರೆ ಅವು ಸುಮ್ಮನೆ ತೆರೆದೇ ಇರುತ್ತವೆ ಎಂದ. ಹೇಳುತ್ತಾ ಹೇಳುತ್ತಾ ಅತ್ತ. ಡಾಕ್ಟರು ಕಾದರು.

"ನಿಮ್ಮ ನೋವು ಆ ಕೈಯಲ್ಲಿಲ್ಲ," ಎಂದರು ಆಮೇಲೆ. "ನರದ ಬೇರು ಕಿತ್ತು ಬಂದ ಜಾಗ ಬೆನ್ನುಹುರಿಯಲ್ಲಿದೆ. ಕಿರುಚ್ತಾ ಇರೋದು ಅದು. ಕೈಗೆ ವಿಷ ಚುಚ್ಚಿಸಿದರೂ, ಕೈಯನ್ನೇ ತೆಗೆಸಿದರೂ ಅದು ಸುಮ್ಮನಾಗಲ್ಲ."

ಅಣ್ಣ ನನ್ನ ಕಡೆ ನೋಡಿದ. ಅವನ ಹಳೆಯ ಪ್ರಶ್ನೆಗೆ ಉತ್ತರ ಅದೇ ಆಗಿತ್ತು.

"ತಂಗಿ ಹೇಳಿದ್ದು ಸುಳ್ಳಲ್ಲ," ಡಾಕ್ಟರು ಮುಂದುವರಿಸಿದರು. "ಅಂಥ ಔಷಧಿ ಇದೆ. ಆದರೆ ಆ ವಿಷದಲ್ಲಿ ಎಷ್ಟೋ ಬಗೆ ಸೇರಿರುತ್ತೆ. ಒಂದು ನೋವು ತಡೆದರೆ ಇನ್ನೊಂದು ಉಸಿರು ತಡೆಯುತ್ತೆ. ಔಷಧಿ ಅದರಲ್ಲಿ ಒಂದೇ ಒಂದು, ಅದನ್ನೂ ಲ್ಯಾಬಿನಲ್ಲಿ ಮಾಡ್ತಾರೆ. ಬೆನ್ನುಹುರಿ ಸುತ್ತಲಿನ ನೀರಿಗೆ ಪಂಪ್ ಇಟ್ಟು ತೊಟ್ಟು ತೊಟ್ಟಾಗಿ ಬಿಡಬೇಕು. ಸ್ವಲ್ಪ ಹೆಚ್ಚಾದರೆ ತಲೆ ಕೆಡುತ್ತೆ, ಇಲ್ಲದ್ದೆಲ್ಲ ಕಾಣುತ್ತೆ. ನಾನು ಇದುವರೆಗೂ ಯಾರಿಗೂ ಕೊಟ್ಟಿಲ್ಲ, ನಮ್ಮ ಕಡೆ ಸಿಗೋದೂ ಇಲ್ಲ. ಇನ್ನೂ ಒಳ್ಳೇದು ಹುಡುಕ್ತಾ ಇದ್ದಾರೆ. ಅದು ಬರೋವರೆಗೆ ನಮ್ಮ ಹತ್ರ ಇರೋದನ್ನ ಸರಿಯಾಗಿ ಉಪಯೋಗಿಸೋಣ. ನೀವು ತಗೊಳ್ತಿರೋ ಮಾತ್ರೆ ಈ ನೋವಿಗಲ್ಲ."

ಎರಡು ವರ್ಷದಿಂದ ಅವನು ನುಂಗುತ್ತಿದ್ದದ್ದು ಮೈಕೈ ನೋವಿನ ಮಾತ್ರೆ. ನರದ ನೋವಿಗೆ ಬೇರೆ ಮಾತ್ರೆಗಳಿವೆ, ಅವಕ್ಕೂ ಬಗ್ಗದಿದ್ದರೆ ಬೆನ್ನುಹುರಿಯ ಆ ಜಾಗಕ್ಕೇ ಮಾಡುವ ಒಂದು ಆಪರೇಷನ್ ಇದೆ ಎಂದು ಅಂದು ಗೊತ್ತಾಯಿತು. ನಾನು ಕಡಲಿನ ಹುಳುವಿನ ಬಗ್ಗೆ ಓದುವ ಬದಲು ಹತ್ತಿರದ ಊರಿನಲ್ಲಿ ನೋವಿನ ಡಾಕ್ಟರು ಯಾರಿದ್ದಾರೆಂದು ವಿಚಾರಿಸಿದ್ದರೆ ಸಾಕಿತ್ತು.

ಡಾಕ್ಟರು ಹೋದ ಮೇಲೆ ಅಣ್ಣನನ್ನು ಕೇಳಿದೆ: "ನಿಜ ಹೇಳು. ಸಾಯಬೇಕು ಅಂತ ಮಾಡಿದ್ಯಾ?"

ಅವನು ಫ್ಯಾನಿನ ಕಡೆ ತಿರುಗಿದ. "ನೋವು ಹೋಗ್ಲಿ ಅಂತ ಮಾಡ್ದೆ. ಹೆಂಗೆ ಹೋದ್ರೂ ಸರಿ ಅಂತ. ಆ ಹೊತ್ತಿಗೆ ಎರಡೂ ಒಂದೇ ಅನ್ನಿಸ್ತು ಕಣಮ್ಮಾ." ಆಮೇಲೆ ಹೇಳಿದ, "ಅವನು ಕಿಟಕಿ ಹತ್ರ ಅಳದೇ ಇದ್ದಿದ್ರೆ ತೆಗಿತಿರ್ಲಿಲ್ಲ."

ಎರಡೂ ಒಂದೇ ಅನ್ನಿಸಿತು ಎಂದು ಅವನು ಹೇಳಿದ್ದನ್ನು ಡಾಕ್ಟರಿಗೆ ತಿಳಿಸಿದೆ. ಮರುದಿನ ಅವರು ಮನಸ್ಸಿನ ಡಾಕ್ಟರೊಬ್ಬರನ್ನೂ ಕರೆಸಿ ಅವನೊಂದಿಗೆ ಮಾತಾಡಿಸಿದರು.

ಸಿದ್ದಾಪುರದಿಂದ ಮೊದಲು ಮೊಳಕಾಲ್ಮುರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅತ್ತಿಗೆ ಬಳ್ಳಾರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಗಂಡನ ಹಣೆ ಮುಟ್ಟಿದರು, ಹೊದಿಕೆ ಸರಿಮಾಡಿದರು. ಹೊರಗೆ ಬಂದ ಮೇಲೆ ನನ್ನ ಎದುರು ನಿಂತರು.

"ನೀನು ಬಂದಾಗೆಲ್ಲ ಏನಾರ ಒಂದು ಹೊಸಾದು ಹೇಳಿ ಹೋಗ್ತೀಯಾ. ನೀನು ಬಸ್ಸು ಹತ್ತಿದ ಮ್ಯಾಲೆ ಅದನ್ನೇ ಹಿಡ್ಕಂಡು ಕೂರೋರ ಜತಿಗೆ ಇರೋಳು ನಾನು. ಫೋನಿನಾಗೆ ಆ ಹುಳದ ಪಟ ದಿನಾ ನೋಡೋರು. ದೇವರ ಪಟ ನೋಡ್ದಂಗೆ. ನಂಗೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

 ಅವರು ನನ್ನ ಮೇಲೆ ಸಿಟ್ಟಾಗುವುದು ಸರಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಬ್ಯಾಗಿನಿಂದ ಹೆಸರಿಡುವ ಮನೆಯ ಒಬ್ಬಟ್ಟು ತೆಗೆದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ ಎಂದು ನನಗೂ ಭಾಯ್‌ಗೂ ಕೊಟ್ಟರು.

ತಾಲ್ಲೂಕು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ ಹುಳು ಮರುದಿನ ಸತ್ತಿತ್ತು. ಸತ್ತರೂ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಭಾಯ್ ಊರಾಚೆ ಆಳವಾಗಿ ಗುಂಡಿ ತೆಗೆದು ಬಕೆಟ್ಟಿನ ಸಮೇತ ಹೂತು ಬಂದ. ಚಿಪ್ಪನ್ನಾದರೂ ಲ್ಯಾಬಿಗೆ ತರಬಹುದಿತ್ತಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಅಂದರು. ನಾನು ಕ್ಲಾಸಿದೆ ಎಂದು ಎದ್ದು ಹೋದೆ.

ಭಾಯ್ ಐದು ತಿಂಗಳು ಅಣ್ಣನೊಂದಿಗೆ ಮಾತಾಡಲಿಲ್ಲ. ಆದರೆ ಬಳ್ಳಾರಿಗೆ ಹೋಗಬೇಕಾದ ದಿನಗಳಲ್ಲಿ ಅವನೇ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದ, ದಾರಿಯುದ್ದಕ್ಕೂ ಅತ್ತಿಗೆಯೊಂದಿಗೆ ಮಾತ್ರ ಮಾತಾಡುತ್ತಿದ್ದ. ಒಂದು ದಿನ ಅಣ್ಣ ಹಿಂದಿನ ಸೀಟಿನಿಂದ, "ತಪ್ಪಾತು ಕಣಲೇ," ಎಂದನಂತೆ. ಸ್ವಲ್ಪ ದೂರ ಹೋದ ಮೇಲೆ ಭಾಯ್, "ಇನ್ಮ್ಯಾಲೆ ಏನು ಬೇಕಾದ್ರೂ ನೆಟ್ಟಗೆ ಕೇಳು. ತಂಗಿ ಹೆಸರು ಹೇಳಿ ಕೇಳಬ್ಯಾಡ," ಎಂದನಂತೆ. ಅಲ್ಲಿಗೆ ಅದು ಮುಗಿಯಿತು.

ಹೊಸ ಮಾತ್ರೆಗಳಿಂದ ಉರಿ ಸ್ವಲ್ಪ ತಗ್ಗಿತು, ಜಗ್ಗು ತಗ್ಗಲಿಲ್ಲ. ಹಾಗಾಗಿ ಕಳೆದ ವರ್ಷ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆ ಆಪರೇಷನ್ ಆಯಿತು. ಒಂದು ತಿಂಗಳು ನಡೆಯುವಾಗ ಕಾಲು ತಡವರಿಸುತ್ತಿತ್ತು, ಆಮೇಲೆ ಸರಿಹೋಯಿತು. ಈಗ ಜಗ್ಗು ದಿನಕ್ಕೆ ಎರಡು ಮೂರು ಸಲ. ಉರಿ ಪೂರ್ತಿ ಹೋಗಿಲ್ಲ, ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಒಂದು ಅಂಕಿ ಕೊಡಲು ಅವನಿಗೆ ಕಲಿಸಿದ್ದಾರೆ. ನಾನು ಊರಿಗೆ ಹೋದಾಗ ಮೊದಲು ಅದನ್ನು ಕೇಳುತ್ತೇನೆ, ಕೇಳಿ ಸುಮ್ಮನೆ ಕೂರುತ್ತೇನೆ. ಏನೂ ಹೊಸದು ಹೇಳುವುದಿಲ್ಲ.

ಅತ್ತಿಗೆ ಮಗ್ಗಕ್ಕೆ ಕುಳಿತಿದ್ದಾರೆ. ಅಣ್ಣ ಎಡಗೈಯಲ್ಲಿ ಗ್ರಾಫ್ ಹಾಳೆಯ ಮೇಲೆ ಅಂಚಿನ ನಮೂನೆ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ಇನ್ನೂ ಗೆರೆ ಓರೆಯಾಗುತ್ತದೆ, ಹಾಳೆ ಜಾರುತ್ತದೆ. ಕಳೆದ ಭಾನುವಾರ ಹೋದಾಗ ಅವನ ಅಂಕಿ ನಾಲ್ಕು ಇತ್ತು. ನಾನು ಎದುರು ಕುಳಿತು ಹಾಳೆಯ ಎರಡು ತುದಿಗಳನ್ನು ನೆಲಕ್ಕೆ ಒತ್ತಿ ಹಿಡಿದೆ. ಅವನು ತುಟಿ ಕಚ್ಚಿ ಒಂದೊಂದೇ ಚೌಕ ತುಂಬುತ್ತಿದ್ದ. ನನ್ನ ಕೈ ಎಲ್ಲೋ ಅಲುಗಿರಬೇಕು.

"ಅಲ್ಲಾಡಿಸಬ್ಯಾಡ," ಎಂದು ತಲೆ ಎತ್ತದೆ ಗದರಿದ. "ಗಟ್ಟಿಯಾಗಿ ಹಿಡ್ಕಾ."